ಮಳೆಯ ಲೆಕ್ಕದ ಕಡತವನ್ನು ಓದುವ ಬಗೆ

ಹಳೆಯ ವಿದ್ಯಾರ್ಥಿನಿಯರು ಪಾಠಶಾಲೆಗೆ ಬಂದಾಗಲೆಲ್ಲ, "ಈಗಿನ ಹುಡುಗಿಯರು ಕಂಪ್ಯೂಟರಿನ ಮುಂದೆ ಕುಳಿತು ಮಾಡುವುದೇನು, ಟೀಚರ್?" ಎಂದು ಕೇಳುವುದುಂಟು. ಪೋಷಕ ಮಹಾಶಯರಲ್ಲಿಯೂ ಅನೇಕರಿಗೆ ಇದೇ ಸಂದೇಹವಿರುವುದು. ಆದುದರಿಂದ ಕಳೆದ ಮಳೆಗಾಲದಲ್ಲಿ ನಾವು ಹತ್ತನೆಯ ತರಗತಿಯವರಿಂದ ಮಾಡಿಸಿದ ಒಂದು ಕೆಲಸವನ್ನು ಇಲ್ಲಿ ವಿವರಿಸುವೆವು.

ಭಾರತ ಹವಾಮಾನ ಇಲಾಖೆಯವರು ೧೯೦೧ರಿಂದೀಚೆಗೆ ದೇಶದಲ್ಲಿ ದಿನದಿನವೂ ಬಿದ್ದ ಮಳೆಯ ಲೆಕ್ಕವನ್ನು ವರ್ಷಕ್ಕೊಂದು ಕಡತವಾಗಿ ಸಿದ್ಧಪಡಿಸಿ ಸಾರ್ವಜನಿಕರಿಗೆ ಒದಗಿಸಿರುವರು. ಕಡತವು ನೆಟ್‌ಸಿಡಿಎಫ್ ಎಂಬ ಕ್ರಮದಲ್ಲಿರುವುದರಿಂದ ಸಾಧಾರಣ ಬರಹದಂತೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುವುವು. ಇದನ್ನು ಒಂದು ದೊಡ್ಡ ಹಾಜರಿ ಪುಸ್ತಕವೆಂದು ಭಾವಿಸಬಹುದು. ದಿನಕ್ಕೊಂದು ಪುಟ, ಪುಟದಲ್ಲಿ ಅಕ್ಷಾಂಶಗಳಿಗೆ ೧೨೯ ಅಡ್ಡಸಾಲು, ರೇಖಾಂಶಗಳಿಗೆ ೧೩೫ ಕಂಬಸಾಲು, ಮನೆಗೊಂದು ಸಂಖ್ಯೆಯಂತೆ ಪುಟಕ್ಕೆ ೧೭,೪೧೫ ಸಂಖ್ಯೆಗಳು. ಒಂದು ಮನೆಗೂ ಮುಂದಿನ ಮನೆಗೂ ಕಾಲು ಡಿಗ್ರಿ, ಎಂದರೆ ಸುಮಾರು ೨೭ ಕಿಲೋಮೀಟರುಗಳ ಅಂತರವು.

ಈ ಪುಸ್ತಕವನ್ನು ಓದಲು ಪೈಥಾನ್ ಎಂಬ ಗಣಕಭಾಷೆಯಲ್ಲಿ ಲೈಬ್ರರಿಗಳೆಂಬ ಸಿದ್ಧಸಾಧನಗಳಿವೆ. ನಮ್‌ಪೈ ಎಂಬುದು ಸಂಖ್ಯೆಗಳನ್ನು ಮಾತ್ರ ಬಲ್ಲದು. ಸಾಲುಗಳನ್ನು ನಾವೇ ಸೊನ್ನೆಯಿಂದ ಎಣಿಸಬೇಕು. ಮೊದಲ ಸಾಲು ೬.೫ ಡಿಗ್ರಿ ಉತ್ತರ, ಮೊದಲ ಕಂಬ ೬೬.೫ ಡಿಗ್ರಿ ಪೂರ್ವ. ಹಾಗಾಗಿ ಹಾಸನಕ್ಕೆ ೨೬ನೆಯ ಸಾಲು, ೩೮ನೆಯ ಕಂಬ. ಆದರೆ ಕೆಲವು ಕಡತಗಳನ್ನು ಉತ್ತರದಿಂದ ದಕ್ಷಿಣಕ್ಕೆ ಬರೆದಿರುತ್ತಾರೆ. ಅಂಥದರಲ್ಲಿ ಅದೇ ೨೬ನೆಯ ಸಾಲನ್ನು ಕೇಳಿದರೆ ಹಾಸನದ ಮಳೆಯಲ್ಲ, ಹಿಮಾಚಲ ಪ್ರದೇಶದ ಕಾಂಗ್ಡಾ ಸೀಮೆಯ ಮಳೆಯು ದೊರೆಯುವುದು! ತಪ್ಪೆಂದು ಯಂತ್ರವು ಒಂದು ಮಾತನ್ನೂ ಆಡದು.

೨೦೧೪ರಲ್ಲಿ ಹೊರಬಂದು, ೨೦೧೬ರಿಂದ ಎಕ್ಸ್‌ಅರೇ ಎಂದು ಕರೆಯಲ್ಪಡುವ ಲೈಬ್ರರಿಯು ಕಡತದೊಳಗೇ ಬರೆದಿರುವ ತಲೆಬರಹಗಳನ್ನು ಓದಿಕೊಳ್ಳುವುದು. 'ಅಕ್ಷಾಂಶ ೧೩, ರೇಖಾಂಶ ೭೬.೧ಕ್ಕೆ ಅತಿ ಸಮೀಪವಾದ ಮನೆ' ಎಂದು ಕೇಳಿದರಾಯಿತು. ಸಾಲು ಯಾವ ಕಡೆಯಿಂದ ಮೊದಲಾಗಿದ್ದರೂ ಚಿಂತೆಯಿಲ್ಲ. ಹೀಗೆ ಕೇಳಿದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ನಾಲ್ಕು ಬೇರೆ ಬೇರೆ ಮನೆಗಳು ದೊರೆತುವು. ತಮ್ಮೂರಿಗೆ ತಮ್ಮದೇ ಮನೆಯಿರುವುದನ್ನು ಕಂಡು ಹುಡುಗಿಯರು ಪಟ್ಟ ಸಂತೋಷವು ಹೇಳತೀರದು. (ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರಕ್ಕೆ ಸೇರಿದ ಇನ್ಸಾಟ್ ಉಪಗ್ರಹಗಳು ತೆಗೆದ ಮೋಡದ ಚಿತ್ರಗಳನ್ನು ಎಚ್‌ಡಿಎಫ್ ಎಂಬ ಸೋದರಕ್ರಮದಲ್ಲಿ ಇಡುವರು. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿರುವೆವು.)

ಇನ್ನೊಂದು ಎಚ್ಚರಿಕೆ. ಸಮುದ್ರದ ಮೇಲೂ ದೇಶದ ಗಡಿಯಾಚೆಗೂ ಲೆಕ್ಕವಿಲ್ಲದ ಮನೆಗಳಲ್ಲಿ -೯೯೯ ಎಂದು ತುಂಬಿರುವರು. ನಮ್‌ಪೈಯಿಂದ ಕರಾವಳಿಯ ಸರಾಸರಿ ತೆಗೆದ ಒಬ್ಬಳಿಗೆ ಜುಲೈ ತಿಂಗಳಲ್ಲಿ ಸೊನ್ನೆಗಿಂತಲೂ ಕಡಿಮೆ ಮಳೆ ಬಂದಿತು. ಎಕ್ಸ್‌ಅರೇಯು, ಕಡತದಲ್ಲಿ ಸೂಚನೆಯಿದ್ದರೆ, ಅಂಥ ಮನೆಗಳನ್ನು ಬಿಟ್ಟು ಎಣಿಸುವುದು. ಪರೀಕ್ಷೆಗೆ ಬಾರದವಳನ್ನೂ ಸೇರಿಸಿ ತರಗತಿಯ ಸರಾಸರಿ ತೆಗೆಯುವ ಉಪಾಧ್ಯಾಯಿನಿಯರು ಇದನ್ನು ನೋಡಿ ಕಲಿಯಬಹುದು.

ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳ ತಂದೆಯವರು ಆಲೂಗಡ್ಡೆ ಬೆಳೆಯುವವರು. ಮಳೆ ಬಂದ ದಿನಗಳನ್ನು ನೋಟುಪುಸ್ತಕದಲ್ಲಿ ಗುರುತಿಸುವ ಪದ್ಧತಿಯುಳ್ಳವರು. ಅವಳು ಹಿಂದಿನೊಂದು ವರ್ಷದ ಕಡತದೊಡನೆ ಅದನ್ನು ಹೋಲಿಸಿ, ತಾರೀಕುಗಳು ಕೂಡಲಿಲ್ಲವೆಂದು ತಂದೆಯ ಬರಹಕ್ಕೆ ಪೆನ್ಸಿಲಿನಿಂದ ಗೀಟು ಹಾಕುತ್ತ ಬಂದಳು. ನಾವು ತಡೆದೆವು. ಇಲಾಖೆಯ ದಿನವು ಬೆಳಿಗ್ಗೆ ೮-೩೦ಕ್ಕೆ ಮುಗಿಯುವುದು. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯೆಲ್ಲ ಆ ಬೆಳಗಿನ ತಾರೀಕಿಗೆ ಸೇರುವುದು. ತಂದೆಯವರಾದರೋ ಸಂಜೆಯ ಮಳೆಯನ್ನು ಆ ಸಂಜೆಯ ತಾರೀಕಿಗೇ ಬರೆದಿದ್ದರು. ಒಂದು ದಿನ ಸರಿಸಿ ನೋಡಲು ಬಹುಮಟ್ಟಿಗೆ ಎರಡೂ ಕೂಡಿದುವು.

ಒಂದು ದಿನ ಮಾತ್ರ ಕೂಡಲೇ ಇಲ್ಲ. ತಂದೆಯವರು ಹೊಲ ತುಂಬ ನೀರು ನಿಂತಿತೆಂದು ಬರೆದಿದ್ದರು. ಕಡತದಲ್ಲಿ ಮಳೆಯು ಅತ್ಯಲ್ಪ. ಮನೆಯೊಳಗಿನ ಸಂಖ್ಯೆಯು ಅಲ್ಲಿಯೇ ಅಳೆದದ್ದಲ್ಲ. ಸುತ್ತಲಿನ ಮಳೆಮಾಪಕಗಳ ಲೆಕ್ಕವನ್ನು, ಹತ್ತಿರದ್ದಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ ಬೆಲೆಯಿಟ್ಟು ಗುಣಿಸಿದ್ದು. ಆ ಸಂಜೆಯ ಮೋಡವು ಯಾವ ಮಾಪಕದ ಮೇಲೂ ಸುರಿಯದೆ ಅವರ ಹೊಲದ ಮೇಲಷ್ಟೇ ಸುರಿದಿರಬಹುದು. ಹುಡುಗಿಯು ರಬ್ಬರು ಕೇಳಿ ಪಡೆದು, ತಾನು ಹಾಕಿದ್ದ ಗೀಟುಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು.