ಸರ್ವರು ಮುಚ್ಚಿತ್ತೋ, ಕುಸಿದಿತ್ತೋ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯ ರೈತರಿಗೆ ಇಂದು ದೊರೆಯುವ ಪಹಣಿ ಹಳೆಯ ಕಡತದಿಂದ ಕೈಬರಹದಲ್ಲಿ ನಕಲಾಗಿ ಬರುವುದಲ್ಲ. ಕಚೇರಿಯ ಕಂಪ್ಯೂಟರು ಕೇಳಿದೊಡನೆ ದೂರದ ಸರ್ವರು, ಎಂದರೆ ದಾಖಲೆಗಳನ್ನು ಕಾಪಾಡಿಟ್ಟು ಬೇಕೆಂದವರಿಗೆ ಒದಗಿಸುವ ಕೇಂದ್ರ ಗಣಕಯಂತ್ರ, ಅದನ್ನು ಕಳುಹಿಸಿಕೊಡುತ್ತದೆ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ಕೊನೆಗೊಳಿಸಿದ ಮೇಲೆ, ಸರ್ವರಿನ ಸುಸ್ಥಿತಿಯು ಜಮೀನಿನ ಹಕ್ಕಿಗೂ ಸಂಬಂಧಿಸಿದ ವಿಷಯವಾಗಿದೆ. 'ಸರ್ವರ್ ಡೌನ್' ಎಂಬ ಮಾತು ಹಳ್ಳಿಹಳ್ಳಿಗೂ ಪರಿಚಿತವಾಗಿದ್ದರೂ, ನಿಂತ ಸರ್ವರು ಮತ್ತೆ ಚಾಲೂ ಆದಾಗ ಅದು ಕ್ರಮವಾಗಿ ಮುಚ್ಚಿಕೊಂಡಿತ್ತೇ ಅಥವಾ ಕೆಲಸದ ನಡುವೆಯೇ ಕುಸಿದಿತ್ತೇ ಎಂದು ಕೇಳುವವರು ವಿರಳ.

ಕ್ರಮಬದ್ಧ ಮುಚ್ಚುಗಡೆಯಲ್ಲಿ ಕಾರ್ಯಾಚರಣ ವ್ಯವಸ್ಥೆಯು ಪ್ರತಿಯೊಂದು ತಂತ್ರಾಂಶಕ್ಕೂ ಕೆಲಸ ಮುಗಿಸುವಂತೆ ಸೂಚಿಸಿ, ತಾತ್ಕಾಲಿಕ ಸ್ಮೃತಿಯಲ್ಲಿರುವ ಮಾಹಿತಿಯನ್ನು ಡಿಸ್ಕಿಗೆ ಬರೆಸಿ, ಕೊನೆಗೆ ಯಂತ್ರವನ್ನು ಆರಿಸುತ್ತದೆ. ವಿದ್ಯುತ್ತು ಹಠಾತ್ತನೆ ಹೋದಾಗ, ಬಿಡಿಭಾಗ ಕೆಟ್ಟಾಗ ಅಥವಾ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲೇ ದೋಷಕ್ಕೆ ಸಿಲುಕಿದಾಗ ಇದಾವುದಕ್ಕೂ ಅವಕಾಶವಿರುವುದಿಲ್ಲ. ಸ್ಮೃತಿಯಲ್ಲಿದ್ದದ್ದು ಅಳಿಯುತ್ತದೆ, ಖಾತೆ ಬದಲಾವಣೆಯ ನಮೂದೊಂದು ಅರ್ಧಕ್ಕೇ ನಿಂತಿರಬಹುದು.

ಕ್ರಮವಾಗಿ ನಿಲ್ಲುವ ಯಂತ್ರವು ತಾನು ನಿಲ್ಲುತ್ತಿರುವುದನ್ನು ಬರೆದಿಡಬಲ್ಲದು, ಕುಸಿಯುವ ಯಂತ್ರಕ್ಕೆ ಸಾಮಾನ್ಯವಾಗಿ ಆ ಬಿಡುವೇ ಇರುವುದಿಲ್ಲ. ಆದ್ದರಿಂದ ಮುಚ್ಚುಗಡೆಯ ನಮೂದು ಇಲ್ಲದಿರುವುದೇ ಕುಸಿತದ ಮೊದಲ ಸುಳಿವು. ವಿಂಡೋಸ್ ಸರ್ವರುಗಳಲ್ಲಿ ಘಟನಾ ದಾಖಲೆಯ ಸೇವೆಯು ನಿಲ್ಲುವಾಗ 6006 ಎಂಬ ಸಂಖ್ಯೆಯ ನಮೂದು ಬೀಳುತ್ತದೆ. ಹಿಂದಿನ ನಿಲುಗಡೆ ಅನಿರೀಕ್ಷಿತವಾಗಿದ್ದರೆ ಮರಳಿ ಚಾಲೂ ಆದ ಬಳಿಕ 6008 ಅಥವಾ 41 ಎಂಬ ನಮೂದು ಕಾಣುತ್ತದೆ. ಲಿನಕ್ಸಿನಲ್ಲಿ 'ಲಾಸ್ಟ್ -ಎಕ್ಸ್' ಎಂಬ ಆದೇಶವು ಮುಚ್ಚಿದ ಮತ್ತು ಚಾಲೂ ಆದ ವೇಳೆಗಳನ್ನು ಸಾಲಾಗಿ ತೋರಿಸುತ್ತದೆ. ಮುಚ್ಚಿದ ಸಾಲಿಲ್ಲದೆ ಚಾಲೂ ಆದ ಸಾಲು ಮಾತ್ರ ಇದ್ದರೆ, ಆ ಹೊತ್ತಿನಲ್ಲಿ ಒಳಗಿದ್ದ ಬಳಕೆದಾರರ ಹೆಸರಿನ ಮುಂದೆ 'ಕ್ರ್ಯಾಶ್' ಎಂದೇ ನಮೂದಾಗಿರುತ್ತದೆ. ರೆಡ್ ಹ್ಯಾಟ್ ಲಿನಕ್ಸಿನ ಹಳೆಯ ಆವೃತ್ತಿಗಳು ಚಾಲೂ ಆಗುವಾಗ ಒಂದು ಗುರುತಿನ ಕಡತವನ್ನು ಸೃಷ್ಟಿಸಿ, ಸರಿಯಾಗಿ ಮುಚ್ಚುವಾಗ ಅದನ್ನು ಅಳಿಸುತ್ತಿದ್ದವು. ಮುಂದಿನ ಬಾರಿ ಆ ಕಡತ ಉಳಿದಿದ್ದರೆ ಯಂತ್ರ ಕುಸಿದಿತ್ತೆಂದು ತಿಳಿಯುತ್ತಿತ್ತು.

ದತ್ತಾಂಶವನ್ನು ಕಾಯುವ ತಂತ್ರಾಂಶಗಳು ಇದೇ ತತ್ತ್ವವನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶವು ತನ್ನ ಸ್ಥಿತಿಯನ್ನು ಪುಟ್ಟ ಕಡತವೊಂದರಲ್ಲಿ ಸದಾ ಬರೆದಿಟ್ಟಿರುತ್ತದೆ. ಚಾಲೂ ಆಗುವಾಗ ಅಲ್ಲಿ 'ಮುಚ್ಚಲಾಗಿದೆ' ಎಂಬುದರ ಬದಲು 'ಕೆಲಸದಲ್ಲಿದೆ' ಎಂದಿದ್ದರೆ ಕುಸಿತವಾಗಿದೆಯೆಂದು ಗ್ರಹಿಸಿ ಚೇತರಿಕೆಗೆ ತೊಡಗುತ್ತದೆ. ವರ್ತಕರು ವ್ಯವಹಾರವನ್ನು ಮೊದಲು ಕಿರ್ದಿಗೆ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಈ ತಂತ್ರಾಂಶವೂ ಪ್ರತಿ ಬದಲಾವಣೆಯನ್ನು ಮುಂಗಡ ದಾಖಲೆಯಲ್ಲಿ ಬರೆದೇ ಮುಂದುವರಿಯುವುದರಿಂದ, ಅದನ್ನು ಮತ್ತೆ ಓದಿ, ಪೂರ್ಣಗೊಂಡ ವ್ಯವಹಾರವನ್ನು ಉಳಿಸಿ, ಅಪೂರ್ಣವಾದುದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತದೆ.

ಈ ಸುಳಿವುಗಳನ್ನು ಓದುವಾಗ ಎಚ್ಚರ ಅಗತ್ಯ. ಲಿನಕ್ಸಿನ ಜರ್ನಲ್ ದಾಖಲೆಯು ತೀರಾ ಗಂಭೀರ ಸಂದೇಶಗಳ ಹೊರತು ಉಳಿದವನ್ನು ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕಿಗೆ ಖಾತರಿಪಡಿಸುವುದರಿಂದ, ಕುಸಿತಕ್ಕೆ ಮುಂಚಿನ ಕೆಲವು ನಿಮಿಷಗಳ ಸಾಲುಗಳೇ ಕಾಣೆಯಾಗಿರಬಹುದು. ಕೊನೆಯ ಸಾಲಿನ ವೇಳೆಯನ್ನೇ ಕುಸಿತದ ವೇಳೆಯೆಂದು ತೀರ್ಮಾನಿಸಲಾಗದು. ಯಂತ್ರ ಸರಿಯಾಗಿ ಮುಚ್ಚಿದ್ದರೂ, ನಿಗದಿತ ಅವಧಿಯಲ್ಲಿ, ಸಾಮಾನ್ಯವಾಗಿ 90 ಸೆಕೆಂಡುಗಳಲ್ಲಿ, ಕೆಲಸ ಮುಗಿಸದ ತಂತ್ರಾಂಶವನ್ನು ವ್ಯವಸ್ಥೆಯೇ ಬಲವಂತವಾಗಿ ನಿಲ್ಲಿಸಿರಬಹುದು. ಹಾಗಾದಾಗ ಯಂತ್ರದ ಪಾಲಿಗೆ ಅದು ಮುಚ್ಚುಗಡೆ, ತಂತ್ರಾಂಶದ ಪಾಲಿಗೆ ಕುಸಿತ. ವಿದ್ಯುತ್ತು ಹೋದರೂ ಯುಪಿಎಸ್ ಸಕಾಲದಲ್ಲಿ ಸೂಚನೆ ನೀಡಿದರೆ ಸರ್ವರು ಕ್ರಮವಾಗಿಯೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ನಿಲುಗಡೆಯ ಕಾರಣ ಬೇರೆ, ನಿಂತ ರೀತಿ ಬೇರೆ. ಕಾರಣವನ್ನು ಅರಿಯಲು ಯುಪಿಎಸ್ ದಾಖಲೆಯನ್ನೂ, ಸರ್ವರಿನೊಳಗಿದ್ದರೂ ಸ್ವತಂತ್ರವಾಗಿ ದುಡಿಯುವ ಮೇಲ್ವಿಚಾರಣಾ ಚಿಪ್ಪಿನ ದಾಖಲೆಯನ್ನೂ ಹೋಲಿಸಿ ನೋಡಬೇಕಾಗುತ್ತದೆ.

ಸಾರ್ವಜನಿಕ ದಾಖಲೆಗಳನ್ನು ಕಾಯುವ ಪ್ರತಿಯೊಂದು ಕಚೇರಿಯೂ ಸರ್ವರು ಮರಳಿ ಚಾಲೂ ಆದೊಡನೆ ಹಿಂದಿನ ನಿಲುಗಡೆಯ ರೀತಿಯನ್ನು ಪರಿಶೀಲಿಸಿ ಬರೆದಿಡಬೇಕು, ದಾಖಲೆಯ ನಕಲೊಂದನ್ನು ಬೇರೊಂದು ಯಂತ್ರದಲ್ಲಿ ಉಳಿಸಬೇಕು, ಕುಸಿತವಾಗಿದ್ದರೆ ಆ ಹೊತ್ತಿನ ನಮೂದುಗಳನ್ನು ಮರುಪರಿಶೀಲಿಸಿದ ನಂತರವೇ ಕೆಲಸ ಮುಂದುವರಿಸಬೇಕು. ಪಹಣಿಯ ಒಂದು ಸಾಲಿನ ಮೇಲೆ ಕುಟುಂಬವೊಂದರ ಬೆಳೆಸಾಲವೂ ಹಕ್ಕೂ ನಿಂತಿರುವಾಗ, ಸರ್ವರು ಚಾಲೂ ಆಯಿತೆಂಬ ಸಮಾಧಾನವೊಂದೇ ಸಾಲದು.