ಹಸಿ ಕಸದ ಬುಟ್ಟಿಗೆ ಗಾಳಿ ಬೇಕು

ಪ್ರಶ್ನೆ: ಬಿಗಿಯಾದ ಮುಚ್ಚಳವಿದ್ದರೂ ನಮ್ಮ ಅಡುಗೆಮನೆಯ ಹಸಿ ಕಸದ ಬುಟ್ಟಿ ನಾರುತ್ತದೆ. ಒಳ್ಳೆಯ ಬುಟ್ಟಿ ಹೇಗಿರಬೇಕು?

ಉತ್ತರ: ಆ ಬಿಗಿ ಮುಚ್ಚಳವೇ ನಾತವನ್ನು ಹೆಚ್ಚಿಸುತ್ತದೆ. ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಮಿಕ್ಕ ಅನ್ನ, ಸಾರು, ಚಹಾದ ಚರಟ ಸೇರಿದಾಗ ರಸ ತಳಕ್ಕಿಳಿದು ನಿಲ್ಲುತ್ತದೆ. ಗಾಳಿಯಾಡದ ಆ ರಸದಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಬೆಳೆದು ಹುಳಿನಾತದ ಆಮ್ಲಗಳನ್ನೂ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡನ್ನೂ ಬಿಡುತ್ತವೆ. ಆದ್ದರಿಂದ ಕಸದಿಂದ ನೀರನ್ನು ಬೇರ್ಪಡಿಸುವುದೇ ಬುಟ್ಟಿಯ ಮೊದಲ ಕೆಲಸ. ಹೊರಗೊಂದು ಡಬ್ಬ, ಒಳಗೊಂದು ತೂತಿನ ಬುಟ್ಟಿ, ಎರಡರ ತಳದ ನಡುವೆ ರಸ ಇಳಿಯಲು ಮೂರು ಬೆರಳಷ್ಟು ಜಾಗ, ಮುಚ್ಚಳದಲ್ಲಿ ಬಲೆ ಹಾಕಿದ ಕಿಂಡಿ, ಇಷ್ಟು ಸಾಕು. ಇಟಲಿಯ ಮಿಲಾನ್ ನಗರ 2012ರಲ್ಲಿ ಮನೆಮನೆಯ ಆಹಾರ ತ್ಯಾಜ್ಯ ಸಂಗ್ರಹ ಆರಂಭಿಸಿದಾಗ ಹಂಚಿದ್ದು ಇಂಥ ಗಾಳಿಯಾಡುವ ಬುಟ್ಟಿಗಳನ್ನೇ.

ಕಿಂಡಿಯಿದ್ದರೆ ನೊಣ ಮುತ್ತುವುದಿಲ್ಲವೇ ಎಂದು ನೀವು ಕೇಳಬಹುದು. ಹಣ್ಣಿನ ನೊಣದ ಉದ್ದ ಸುಮಾರು 3 ಮಿ.ಮೀ.; ಬಲೆಯ ಕಣ್ಣು 1 ಮಿ.ಮೀ.ಗಿಂತ ಚಿಕ್ಕದಿದ್ದರೆ ಅದು ನುಸುಳದು. ಸಿಪ್ಪೆಯ ಜೊತೆಗೇ ಬಂದ ಮೊಟ್ಟೆ ನೊಣವಾಗಲು ಸುಮಾರು 10 ದಿನ ಬೇಕು, ದಿನವೂ ಕಸ ಚೆಲ್ಲಿದರೆ ಆ ಸರಪಳಿ ಕಡಿಯುತ್ತದೆ. ಪ್ಲಾಸ್ಟಿಕ್ ಕವರ್ ಹಾಕಿದರೆ ತೊಳೆಯುವ ಕೆಲಸ ತಪ್ಪುತ್ತದೆ ಎಂಬ ವಾದವೂ ಇದೆ. ಆದರೆ ಕವರ್ ರಸವನ್ನು ಹಿಡಿದಿಡುತ್ತದೆ, ಗೊಬ್ಬರವನ್ನೂ ಕೆಡಿಸುತ್ತದೆ. ಬದಲಿಗೆ ತಳಕ್ಕೆ ಹಳೆಯ ಪತ್ರಿಕೆಯ ಹಾಳೆ ಹಾಸಿ. ಒಂದು ದಿನದ ಕಸ ಹಿಡಿಯುವಷ್ಟೇ ಚಿಕ್ಕ ಬುಟ್ಟಿ ಕೊಳ್ಳಿ, ಅದನ್ನು ದಿನವೂ ತೊಳೆದು ಬಿಸಿಲಿಗಿಡಿ.