ಚಾಲ್ಡನ್ ಇಗರ್ಜಿಯ ಏಣಿ

ಲಂಡನ್ನಿನ ದಕ್ಷಿಣಕ್ಕೆ, ಸರ್ರೆ ಪ್ರಾಂತದ ಸುಣ್ಣಕಲ್ಲಿನ ದಿಬ್ಬಗಳ ನಡುವೆ ಚಾಲ್ಡನ್ ಎಂಬ ಸಣ್ಣ ಊರಿದೆ. ಅಲ್ಲಿ ಇಗರ್ಜಿಯೊಂದಿತ್ತೆಂಬುದು 1086ರ ಡೂಮ್ಸ್‌ಡೇ ದಫ್ತರಿನಲ್ಲಿಯೇ ನಮೂದಾಗಿದೆ. ಸಂತ ಪೀಟರ್ ಮತ್ತು ಸಂತ ಪಾಲರ ಹೆಸರಿನ ಈ ಕಟ್ಟಡ ಹೊರನೋಟಕ್ಕೆ ತೀರ ಸಾಧಾರಣವಾದುದು. ಚಕಮಕಿ ಕಲ್ಲಿನ ಗೋಡೆಗಳು, ಅಷ್ಟೆ. ಅದರ ಚೂಪು ಶಿಖರವಂತೂ 19ನೆಯ ಶತಮಾನದ ಸೇರ್ಪಡೆ.

ಒಳಹೊಕ್ಕು ಪಶ್ಚಿಮದ ಗೋಡೆಯತ್ತ ತಿರುಗಿದರೆ ಮಾತ್ರ ಇದರ ಹಿರಿಮೆ ತಿಳಿದೀತು. ಸುಮಾರು 17 ಅಡಿ ಅಗಲ, 11 ಅಡಿ ಎತ್ತರದ ಒಂದು ಭಿತ್ತಿಚಿತ್ರ ಅಲ್ಲಿದೆ. ಕಾಲ ಕ್ರಿ.ಶ. 1200ರ ಆಸುಪಾಸು. ಕೆಮ್ಮಣ್ಣು ಮತ್ತು ಹಳದಿ ಕಾವಿ, ಇವೇ ಚಿತ್ರಕಾರನ ಮುಖ್ಯ ಬಣ್ಣಗಳು. ಆತನ ಹೆಸರು ಉಳಿದುಬಂದಿಲ್ಲ.

ಚಿತ್ರದ ನಟ್ಟನಡುವೆ ನೆಟ್ಟಗೆ ಏರುವ ಒಂದು ಏಣಿ; ಅಡ್ಡಲಾಗಿ ಮೋಡದ ಪಟ್ಟಿ. ಎರಡೂ ಕೂಡಿ ಶಿಲುಬೆಯ ಆಕಾರವಾಗುತ್ತದೆ. ಏಣಿಯ ತುದಿಯಲ್ಲಿ ಕ್ರಿಸ್ತನಿದ್ದಾನೆ. ಬತ್ತಲೆ ಜೀವಗಳು ಮೆಟ್ಟಿಲು ಹಿಡಿದು ಏರುತ್ತಿವೆ, ಕೆಲವು ಜಾರಿ ಬೀಳುತ್ತಿವೆ. ಮೇಲೆ ಎಡಕ್ಕೆ ದೇವದೂತ ಮೈಕೇಲನು ತಕ್ಕಡಿ ಹಿಡಿದು ಜೀವಗಳನ್ನು ತೂಗುತ್ತಿದ್ದಾನೆ. ತಟ್ಟೆಯನ್ನು ತನ್ನತ್ತ ಎಳೆದುಕೊಳ್ಳಲು ಪಿಶಾಚಿಯೊಂದು ಹವಣಿಸಿದೆ. ಕೆಳಗಿನ ಭಾಗವೆಲ್ಲ ನರಕ. ಎಡಕ್ಕೆ ಕುದಿಯುವ ಕೊಪ್ಪರಿಗೆ, ಬಲಕ್ಕೆ ಗರಗಸದ ಹಲ್ಲುಗಳಂತಹ ಮುಳ್ಳಿನ ಸೇತುವೆ. ಆ ಸೇತುವೆಯ ಮೇಲಿರುವವರು ಊರ ಕಸುಬುದಾರರು. ಅವರ ಕೈಯಲ್ಲಿ ತಮ್ಮ ತಮ್ಮ ವೃತ್ತಿಗೆ ಅವಶ್ಯವಾದ ಒಂದಲ್ಲ ಒಂದು ಸಾಧನವಿಲ್ಲ; ಕೆಲಸದಲ್ಲಿ ಮೋಸಮಾಡಿದವರಿಗೆ ಇದು ಶಿಕ್ಷೆಯೆಂದು ವಿವರಿಸುತ್ತಾರೆ. ಲ್ಯಾಟಿನ್ ಪೂಜೆಯ ಅರ್ಥ ತಿಳಿಯದ ಹಳ್ಳಿಗರಿಗೆ ಈ ಗೋಡೆಯ ಭಾಷೆ ಚೆನ್ನಾಗಿ ತಿಳಿದಿರಬೇಕು.

ಸೇತುವೆಯ ಕೆಳಗೆ ಬೆಂಕಿಯಲ್ಲಿ ಕುಳಿತವನು ಬಡ್ಡಿಸಾಹುಕಾರ. ಹಣದ ಚೀಲಗಳು ಅವನಿಗೆ ಜೋತುಬಿದ್ದಿವೆ, ಬಾಯಿಂದ ನಾಣ್ಯಗಳು ಸುರಿಯುತ್ತಿವೆ, ಇಬ್ಬದಿಯಲ್ಲೂ ಪಿಶಾಚಿಗಳು ಕವೆಗೋಲು ಹಿಡಿದು ನಿಂತಿವೆ. ಇದನ್ನು ಬರಿಯ ಕಲ್ಪನೆಯೆನ್ನುವಂತಿಲ್ಲ. ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಕ್ರೈಸ್ತ ಶವಸಂಸ್ಕಾರ ಸಲ್ಲದೆಂದು 1179ರ ಮೂರನೆಯ ಲ್ಯಾಟೆರನ್ ಧರ್ಮಸಭೆ ವಿಧಿಸಿತ್ತು. ಚಿತ್ರ ಮೂಡಿದ್ದು ಅದಾದ ಸುಮಾರು ಇಪ್ಪತ್ತು ವರ್ಷಗಳಲ್ಲಿ. ರೋಮಿನಲ್ಲಿ ಹಿರಿಯರು ಕೂಡಿ ಬರೆದ ವಿಧಿಯೊಂದು ಇಷ್ಟು ಸಣ್ಣ ಊರಿನ ಗೋಡೆಯ ಮೇಲೆ ಮೈದಳೆದಂತಿರುವುದು ನನಗೆ ಚಿತ್ರದ ರೇಖೆಗಳಿಗಿಂತಲೂ ಹೆಚ್ಚು ಕುತೂಹಲಕರವಾಗಿ ತೋರುತ್ತದೆ. ರೇಖೆ ಅಷ್ಟೇನೂ ನಯವಾದುದಲ್ಲ, ಆದರೆ ಅಂಜಿಕೆಯಿಲ್ಲದುದು.

ಮತಸುಧಾರಣೆಯ ಬಳಿಕ ಇಂಥ ಚಿತ್ರಗಳು ಇಂಗ್ಲೆಂಡಿನವರಿಗೆ ಬೇಡವಾದವು. ಚಾಲ್ಡನ್ನಿನ ಗೋಡೆಗೂ ಸುಣ್ಣ ಬಳಿದರು. ಅಳಿಸಲೆಂದು ಬಳಿದ ಸುಣ್ಣವೇ ಅದನ್ನು ಕಾಪಾಡಿತು. 1869ರಲ್ಲಿ ಗೋಡೆಗೆ ಮತ್ತೆ ಸುಣ್ಣ ಹೊಡೆಯಲು ಸಿದ್ಧತೆ ನಡೆದಿದ್ದಾಗ ಅಲ್ಲಿಯ ಪಾದ್ರಿಗೆ ಬಣ್ಣದ ಸುಳಿವು ಕಾಣಿಸಿತು. ಕೆಲಸ ನಿಲ್ಲಿಸಿ, ಎಚ್ಚರದಿಂದ ಪದರ ಬಿಡಿಸಿದರು. ಈಗ ಬಣ್ಣ ಅಲ್ಲಲ್ಲಿ ಮಾಸಿದೆ. ಆದರೆ ಆ ಬಡ್ಡಿಸಾಹುಕಾರನ ಮುಖದಲ್ಲಿ ಕಣ್ಣುಗಳು ಕಾಣದಿದ್ದರೆ ಅದು ಸುಣ್ಣದ ತಪ್ಪಲ್ಲ. ಚಿತ್ರಕಾರ ಅವನಿಗೆ ಕಣ್ಣುಗಳನ್ನು ಬರೆದೇ ಇರಲಿಲ್ಲ.